ಆಡೋ ಕಣಕದ ದೊಡ್ಡಕ್ಕೋರು

ದೊಡ್ಡಕ್ಕೋರು ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವಳು ಆಕೆಯ ಹಳೆಯ ವಿದ್ಯಾರ್ಥಿನಿ. ಈಗ ಶಹಾಪುರದಲ್ಲಿ ತಾನೂ ಟೀಚರ್. ಫೋನಿನಲ್ಲಿ ಅಳುತ್ತಲೇ ಮಾತಾಡಿದಳು. "ಐತವಾರ ಎಲ್ಲಾರೂ ಕೂಡಾಕತ್ತೀವ್ರಿ. ನೀವು ಬಂದು ಎರಡು ಮಾತು ಆಡಬೇಕ್ರಿ. ಅವರನ್ನ ನಿಮ್ಮಷ್ಟು ಹತ್ರದಿಂದ ನೋಡಿದವರು ಯಾರದಾರ್ರಿ?"

ನಾನು ಹೋಗಲಿಲ್ಲ. ಮೊಣಕಾಲು ನೋವು ಅಂದೆ. ಮೊಣಕಾಲು ನೋಯುವುದೇನೋ ನಿಜ, ಆದರೆ ಸುರಪುರದಿಂದ ಶಹಾಪುರದ ತನಕ ಬಸ್ಸಿನಲ್ಲಿ ಕೂರಲಾರದಷ್ಟಲ್ಲ. ಆ ಹುಡುಗಿ ಹೇಳಿದ್ದು ಸರಿಯಾಗಿತ್ತು, ನಾನು ಹತ್ತಿರದಿಂದ ನೋಡಿದವಳು. ತೊಂದರೆ ಇರುವುದೇ ಅಲ್ಲಿ. ಸತ್ತವರ ಸಭೆಯಲ್ಲಿ ಒಳ್ಳೆಯದನ್ನಷ್ಟೇ ಹೇಳಬೇಕು. ಆಕೆಯ ಬಗ್ಗೆ ಹೇಳಲು ಒಳ್ಳೆಯದು ನನ್ನ ಹತ್ತಿರ ಮೂಟೆಗಟ್ಟಲೆ ಇದೆ. ಹೇಳುತ್ತ ಹೇಳುತ್ತ ಒಂದು ಕಡೆ ನನ್ನ ದನಿ ಕಟ್ಟುತ್ತದೆ, ಜನ ಅದನ್ನು ದುಃಖ ಅಂದುಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. ಅದು ಸಿಟ್ಟು ಅಂತ ನಾನು ಮೈಕಿನ ಮುಂದೆ ಹೇಳಲಾರೆ. ಇಲ್ಲಿ ಹೇಳಬಲ್ಲೆ.

ಹೆಸರು ಬರೆಯುವುದಿಲ್ಲ. ಊರಿನಲ್ಲಿಯೂ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಶಹಾಪುರ ತಾಲೂಕಿನಲ್ಲಿ, ಶಿರವಾಳದ ಕಡೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿದು ಕಾಲುವೆಯ ಏರಿ ಹಿಡಿದು ನಡೆದರೆ ನಮ್ಮ ಶಾಲೆ. ಅಲ್ಲಿ ಹೆಣ್ಣು ಟೀಚರುಗಳು ನಾವಿಬ್ಬರೇ. ವಯಸ್ಸಿನಲ್ಲಿ ಹಿರಿಯಳಾದ್ದರಿಂದ ಆಕೆ ದೊಡ್ಡಕ್ಕೋರು, ನಾನು ಸಣ್ಣಕ್ಕೋರು. ಮಕ್ಕಳಿಗೆ ಅಷ್ಟು ಉದ್ದ ಹೇಳಲು ಬೇಸರವಾದರೆ ಇಬ್ಬರೂ ಬರೀ ಅಕ್ಕೋರು. ಈ ಬರಹದಲ್ಲಿ ಆಕೆಯನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ. ಬದುಕಿದ್ದಾಗ, ಅಷ್ಟೆಲ್ಲ ಆದ ಮೇಲೆಯೂ, ಎದುರಿಗಾಗಲಿ ಹಿಂದಾಗಲಿ ಒಮ್ಮೆಯೂ ಹಾಗೆ ಕರೆದವಳಲ್ಲ. ಈಗ ಕರೆಯುವಷ್ಟು ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಎತ್ತರದ ಹೆಂಗಸು. ಅಂಗೈ ಗಂಡಸರ ಅಂಗೈಯಷ್ಟು ಅಗಲ. ಸೀಮೆಸುಣ್ಣದ ತುಂಡನ್ನು ತುರುಬಿಗೆ ಸಿಕ್ಕಿಸಿಕೊಳ್ಳುವ ಚಟವಿತ್ತು, ಸಂಜೆ ಹೊತ್ತಿಗೆ ಅರ್ಧ ತಲೆ ಬೆಳ್ಳಗಾಗಿರುತ್ತಿತ್ತು. ಹೆಡ್‌ಮಾಸ್ತರರು ಮೀಟಿಂಗು, ವರದಿ ಅಂತ ಸದಾ ಶಹಾಪುರದಲ್ಲೇ ಇರುತ್ತಿದ್ದರು, ಶಾಲೆ ನಡೆಸುತ್ತಿದ್ದವಳು ಈಕೆ. ಕೆಲಸಕ್ಕೆ ಬಂದ ಮೊದಲ ದಿನ ನಾನು ಇಸ್ತ್ರಿ ಮಾಡಿದ ಸೀರೆಯುಟ್ಟು, ಹಾಜರಿ ಹಾಕಬೇಕೆಂದು ಬಾಗಿಲಲ್ಲಿ ನಿಂತರೆ, ಒಳಗೆ ಇಡೀ ತರಗತಿ ನೆಲದ ಮೇಲೆ ಕುಳಿತು ಹಳೆಯ ಸೈಕಲ್ ಟ್ಯೂಬು ಕತ್ತರಿಸುತ್ತಿತ್ತು. ನಡುವೆ ಈಕೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ನನ್ನನ್ನು ನೋಡಿ, "ಬಂದ್ಯಾ? ಹಿಡಿ ಕತ್ತರಿ" ಅಂದಳು. ಪರಿಚಯ ಅಂತ ಆದದ್ದು ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ನನ್ನ ಬೆರಳೆಲ್ಲ ಕಪ್ಪು, ಸೀರೆಯೂ ಕಪ್ಪು, ಮನಸ್ಸು ಮಾತ್ರ ಎಂದಿಲ್ಲದ ಹಗುರ.

ಆ ಚೆಂಡು ಮಾಡುವ ಬಗೆ ಹೀಗೆ. ಪಂಕ್ಚರ್ ಅಂಗಡಿಯವರು ಬಿಸಾಡುವ ಟ್ಯೂಬನ್ನು ಅಡ್ಡಡ್ಡ ಕತ್ತರಿಸಿದರೆ ಬಳೆಗಳಂಥ ತುಂಡು ಬರುತ್ತವೆ. ಹಳೆ ಬಟ್ಟೆಯನ್ನು ಲಿಂಬೆಹಣ್ಣಿನಷ್ಟು ಉಂಡೆ ಕಟ್ಟಿ, ಅದರ ಮೇಲೆ ಈ ಬಳೆಗಳನ್ನು ಜಗ್ಗಿ ಜಗ್ಗಿ, ಒಂದು ಉದ್ದಕ್ಕೆ ಹಾಕಿದರೆ ಇನ್ನೊಂದು ಅಡ್ಡಕ್ಕೆ ಹಾಕುತ್ತ ಹೋಗಬೇಕು. ಬಳೆ ಹೆಚ್ಚಾದಷ್ಟೂ ಚೆಂಡು ಎತ್ತರ ಪುಟಿಯುತ್ತದೆ. ಹುಡುಗರು ಮೊದಲು ಅವನ್ನು ಬಳೆ ಅನ್ನಲು ನಾಚುತ್ತಿದ್ದರು. ಆಕೆ ತಾನೇ ಒಬ್ಬನ ಕೈಗೆ ಮೊಣಕೈ ತನಕ ತೊಡಿಸಿ, "ಎಷ್ಟ್ ಚಂದ ಕಾಣಾಕತ್ತಾನ ನೋಡ್ರಿ ಮದಲಿಂಗ" ಅಂದಳು. ಮರುದಿನದಿಂದ ಹುಡುಗರೆಲ್ಲ ಬಳೆ ತೊಟ್ಟುಕೊಂಡೇ ಚೆಂಡು ಸುತ್ತಿದರು. ಚೆಂಡು ಮುಗಿದರೆ ಆಕೆ ಅದನ್ನು ಭುಜದ ಮಟ್ಟದಿಂದ ಕೆಳಗೆ ಬಿಡುತ್ತಿದ್ದಳು. ಕಣ್ಣು ಮುಚ್ಚಿ, ಕಿವಿ ಓರೆ ಮಾಡಿ ಸಪ್ಪಳ ಕೇಳುತ್ತಿದ್ದಳು. "ಟಣ್ ಅಂದ್ರ ಪಾಸು. ಧಪ್ ಅಂತು, ಇನ್ನೂ ನಾಕು ಬಳಿ ಏರಸು, ಹೋಗು."

ಒಮ್ಮೆ ಇನ್ನೊಂದು ಬಗೆಯ ಚೆಂಡಿನ ಹುಚ್ಚು ಹಿಡಿಯಿತು. ಸುರಪುರದ ಪತ್ತಾರರ ಅಂಗಡಿಯಿಂದ ಬಿಳಿಗಾರ ತಂದಳು, ಬಂಗಾರ ಬೆಸೆಯುವಾಗ ಹಾಕುತ್ತಾರಲ್ಲ ಆ ಬಿಳಿ ಪುಡಿ. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಬಡಿಗರು ಬಳಸುವ ಬಿಳಿ ಅಂಟಿಗೆ ಬೆರೆಸಿದರೆ ಅಂಟು ಗಟ್ಟಿಯಾಗುತ್ತದೆ, ಉಂಡೆ ಮಾಡಿದರೆ ಪುಟಿಯುತ್ತದೆ. ಬಿಳಿಗಾರ ಬಾಯಿಗೆ ಹೋಗಬಾರದೆಂದು ಆಕೆ ಪುಡಿಯ ಡಬ್ಬಿಯನ್ನು ಮಕ್ಕಳ ಕೈಗೆ ಕೊಡಲಿಲ್ಲ. ಎಲ್ಲ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಸಿ, ಒಬ್ಬೊಬ್ಬರ ಅಂಗೈ ಮೂಸಿ ನೋಡಿಯೇ ಮನೆಗೆ ಬಿಟ್ಟಳು. ಮರುದಿನ ಬೆಳಿಗ್ಗೆ ಶಾಲೆಯ ತುಂಬ ಅಳು. ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದ ಚೆಂಡುಗಳೆಲ್ಲ ಕರಗಿ ಚಪ್ಪಟೆಯಾಗಿದ್ದವು. "ಅಕ್ಕೋರೆ, ನನ್ನ ಚೆಂಡು ರೊಟ್ಟಿ ಆಗ್ಯಾದ್ರಿ!" ಅಂತ ಒಬ್ಬಳು ಎತ್ತಿ ತೋರಿಸಿದಳು. ದೊಡ್ಡಕ್ಕೋರು ನಕ್ಕಳು ನೋಡಿ, ಗೋಡೆಗೆ ಆತು, ನೆಲಕ್ಕೆ ಕುಸಿದು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ನಕ್ಕಳು. ಅಳುತ್ತಿದ್ದ ಮಕ್ಕಳೂ ನಗತೊಡಗಿದರು. ತಾನು ಸೋತದ್ದನ್ನು ಮಕ್ಕಳ ಮುಂದೆ ಹಾಗೆ ನಕ್ಕು ಒಪ್ಪಿಕೊಂಡ ಇನ್ನೊಬ್ಬ ಟೀಚರನ್ನು ನಾನು ಈವರೆಗೆ ನೋಡಿಲ್ಲ. ಅದಕ್ಕೇ ಮುಂದಿನದು ನನಗೆ ಇನ್ನೂ ಅರ್ಥವಾಗುವುದಿಲ್ಲ.

ಕಾಲುವೆ ಬಂದ ಮೇಲಿನ ವರ್ಷಗಳು ಅವು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆಹೊಲದಲ್ಲಿ ಭತ್ತ ನಿಂತಿತ್ತು. ಆಂಧ್ರದ ಕಡೆಯಿಂದ ಬಂದವರು ಹೊಲ ಹಿಡಿದು ಏರಿಯ ಮೇಲೆ ಕ್ಯಾಂಪು ಕಟ್ಟಿಕೊಂಡಿದ್ದರು. ಅವರ ಮಕ್ಕಳೂ ನಮ್ಮ ಶಾಲೆಗೇ. ಕನ್ನಡ ಬರದೆ ಹಿಂದಿನ ಸಾಲಿನಲ್ಲಿ ಗುಂಪಾಗಿ ಕೂರುತ್ತಿದ್ದವು. ತೆಲುಗಿನಲ್ಲಿ ಚೆಂಡಿಗೆ ಬಂತಿ ಅನ್ನುತ್ತಾರೆ. ಕ್ಯಾಂಪಿನ ಹುಡುಗಿಯೊಂದು "ಬಂತಿ! ಬಂತಿ!" ಅಂತ ಕೂಗಿದರೆ ನಮ್ಮ ಹುಡುಗರು ಬಾಗಿಲ ಕಡೆ ತಿರುಗಿ "ಏನ್ ಬಂತು?" ಅಂತ ಕೇಳುವರು. ಅದೇ ಒಂದು ಆಟವಾಯಿತು. ಇನ್‌ಸ್ಪೆಕ್ಟರು ಬಂದ ದಿನವೂ ಇಡೀ ತರಗತಿ "ಬಂತಿ ಬಂತು" ಅಂತ ಕೂಗಿತು. ಅವರಿಗೆ ಏನೂ ತಿಳಿಯದೆ ತಲೆಯಾಡಿಸಿ ಹೋದರು.

ಕಣಕದ ವಿಷಯಕ್ಕೆ ಬರುತ್ತೇನೆ. ಮೆತ್ತಗಿನ ಹಿಟ್ಟು ಕೊಟ್ಟರೆ ಸಣ್ಣ ಮಕ್ಕಳ ಬೆರಳಿಗೆ ಬಲ ಬರುತ್ತದೆ, ಬರೆಯಲು ಸಲೀಸಾಗುತ್ತದೆ ಅಂತ ಆಕೆ ಎಲ್ಲೋ ತರಬೇತಿಯಲ್ಲಿ ಕೇಳಿದ್ದಳು. ಮೊದಲು ಜೋಳದ ಹಿಟ್ಟಿನಲ್ಲಿ ಮಾಡಿದೆವು. ಅದಕ್ಕೆ ಜಿಗಿ ಇಲ್ಲ, ಗೊಂಬೆಯ ಕೈ ಮಾಡಿದರೆ ಕೈ ಬಿತ್ತು, ತಲೆ ಮಾಡಿದರೆ ತಲೆ ಬಿತ್ತು. ಆಮೇಲೆ ಮೈದಾ, ಅದರ ಅರ್ಧದಷ್ಟು ಉಪ್ಪು, ಒಂದಿಷ್ಟು ಒಳ್ಳೆಣ್ಣೆ, ನೀರು ಹಾಕಿ ಒಲೆಯ ಮೇಲೆ ತಿರುವಿದೆವು. ಹದ ಬಂತು. ಉಪ್ಪಿನಿಂದ ಎರಡು ಉಪಯೋಗ, ಕಣಕ ಕೆಡುವುದಿಲ್ಲ, ಬಾಯಿಗಿಟ್ಟ ಮಗು ಎರಡನೇ ಸಲ ಇಡುವುದಿಲ್ಲ. ಹೋಳಿಗೆಯ ಕಣಕದಂತೆ ಕಂಡದ್ದಕ್ಕೆ ಮಕ್ಕಳು ಅದಕ್ಕೆ ಆಡೋ ಕಣಕ ಅಂತ ಹೆಸರಿಟ್ಟವು. ಮೈದಾ ತರುವ ಕೆಲಸ ನನ್ನದು, ತಿರುವುವ ಕೆಲಸ ಆಕೆಯದು. ಬಿಸಿ ಕಣಕವನ್ನು ಆ ಅಗಲ ಅಂಗೈಗಳಲ್ಲಿ ನಾದುವಾಗ ಆಕೆ ಹಾಡಿನಂಥ ಏನನ್ನೋ ಗುಣುಗುತ್ತಿದ್ದಳು, ರಾಗ ಸರಿ ಇರುತ್ತಿರಲಿಲ್ಲ.

ಬಣ್ಣ ಬೇಕೆಂದಳು. ಬಾಜಾರದ ಬಣ್ಣ ಬೇಡ, ವಿಷ ಇರುತ್ತದೆ. ಅರಿಶಿಣ, ಕುಂಕುಮ ಹಾಕೋಣ, ಎರಡೂ ಮನೆಮನೆಯಲ್ಲಿ ಇರುವಂಥವು ಅಂದಳು. ನಾನು ಹಿಂಜರಿದೆ.

"ಅರಿಶಿಣ ಹಾಕ್ರಿ. ಕುಂಕುಮ ಬ್ಯಾಡ್ರಿ ಅಕ್ಕೋರೆ. ಹಿಟ್ಟಿನ ಗೊಂಬಿಗೆ ಅರಿಶಿಣ ಕುಂಕುಮ ಕೂಡಿದ್ರ ಮಂದಿ ಬ್ಯಾರೇನೇ ತಿಳೀತಾರ."

"ಭಾನಾಮತಿ ಅಂತಾರಂತ ಅಂಜತಿ? ಅಂಥ ಅಪ್ಪನ ಮಗಳಾಗಿ ನೀನು?"

"ಅಂಜಿಕಿ ನನಗಲ್ರಿ…"

"ನಾ ಅದೀನಲ್ಲ. ಹಾಕು."

ನಮ್ಮ ಭಾಗದಲ್ಲಿ ಭಾನಾಮತಿ ಅಂದರೆ ಮಾಟ. ಹಿಟ್ಟಿನ ಗೊಂಬೆ, ಅರಿಶಿಣ ಕುಂಕುಮ, ಯಾರಿಗೆ ಮಾಡಬೇಕೋ ಅವರ ತಲೆಗೂದಲು ಸಿಕ್ಕರೆ ಮಾಟ ಕಟ್ಟುತ್ತದೆ ಅಂತ ನಂಬಿದವರು ಓದಿದವರಲ್ಲೂ ಇದ್ದಾರೆ. ಹೊಟ್ಟೆನೋವು ಬಂದರೆ, ಎಮ್ಮೆ ಹಾಲು ಬತ್ತಿದರೆ, ಯಾವಳೋ ಒಬ್ಬಳು ಮಾಡಿಸಿದ್ದಾಳೆ ಅಂತ ಹುಡುಕುತ್ತಾರೆ. ಆ ಯಾವಳೋ ಒಬ್ಬಳು ಊರ ಗೌಡರ ಮನೆಯವಳು ಆಗಿರುವುದನ್ನು ನಾನು ಕೇಳಿಲ್ಲ. ಅಂಥ ಅಪ್ಪನ ಮಗಳು ಅಂತ ಆಕೆ ಯಾಕೆ ಅಂದಳೆಂದರೆ, ಒಂದು ಸಲ ನನ್ನ ಜೊತೆ ಹತ್ತಿಕುಣಿಗೆ, ನಮ್ಮ ಮನೆಗೆ ಬಂದಿದ್ದಳು. ನಮ್ಮದು ಅಪ್ಪನ ಕಾಲಕ್ಕೆ ಬೌದ್ಧರಾದ ಮನೆ. ಪಡಸಾಲೆಯಲ್ಲಿ ಬುದ್ಧನ ಫೋಟೋ ಬಿಟ್ಟರೆ ದೇವರ ಜಗಲಿ ಇಲ್ಲ, ನಾನು ಕುಂಕುಮ ಇಡುವುದಿಲ್ಲ. ಆಕೆ ನಮ್ಮ ಅವ್ವನ ಪಕ್ಕ ಒಲೆ ಮುಂದೆ ಕುಳಿತು, ಬಿಸಿ ರೊಟ್ಟಿ ಪುಂಡಿಪಲ್ಯ ಉಂಡಳು. ಅಪ್ಪ ತನ್ನ ಚಿಕ್ಕಂದಿನ ಒಂದು ಸಂಗತಿ ಹೇಳಿದ. ಭಾನಾಮತಿ ಮಾಡಿದಳೆಂದು ನಮ್ಮ ಓಣಿಯ ಒಬ್ಬ ಹೆಂಗಸಿನ ಹಲ್ಲು ಕಿತ್ತಿದ್ದರಂತೆ, ಆಕೆ ಅಪ್ಪನ ಸ್ವಂತ ಸೋದರತ್ತೆ. ದೊಡ್ಡಕ್ಕೋರ ಕಣ್ಣು ತುಂಬಿ ಬಂದವು. "ನಾ ಇರೂ ಊರಾಗ ಇಂಥಾದ್ದು ಆಗಗೊಡೂದಿಲ್ರಿ ಕಾಕಾ" ಅಂದಳು. ಅಪ್ಪ ಎದ್ದು ಕೈ ಮುಗಿದ. ಅಪ್ಪ ಅಷ್ಟು ಸುಲಭಕ್ಕೆ ಕೈ ಮುಗಿಯುವ ಮನುಷ್ಯನಲ್ಲ.

ಹೀಗಾಗಿ ಕುಂಕುಮ ಹಾಕಿದೆವು. ಅರಿಶಿಣದ್ದೊಂದು ಉಂಡೆ, ಕುಂಕುಮದ್ದೊಂದು ಉಂಡೆ. ಎಷ್ಟೋ ಶನಿವಾರಗಳು ಒಂದು ತಕರಾರೂ ಇಲ್ಲದೆ ಕಳೆದವು. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಹಳದಿ ಎತ್ತು, ಕೆಂಪು ಎತ್ತು ಮಾಡಿ ಮನೆಗೊಯ್ದರೆ ತಾಯಂದಿರು ಪೂಜೆಯನ್ನೂ ಮಾಡಿದರು. ನನ್ನ ಅಂಜಿಕೆ ನನಗೇ ನಗು ತರಿಸಿತು.

ಒಂದು ಶನಿವಾರ ಆಕೆ ಮಕ್ಕಳಿಗೆ, "ಇವತ್ತು ನಿಮಗ ಯಾರ್ ಮ್ಯಾಲ ಭಾಳ ಪ್ರೀತಿ ಅದ, ಅವರನ್ನ ಮಾಡ್ರಿ" ಅಂದಳು. ಒಂದನೆಯ ತರಗತಿಯ ನಿಂಗಮ್ಮ ತನ್ನ ಎದುರುಮನೆಯ ಆಯಿಯನ್ನು ಮಾಡಿದಳು. ಆ ಮುದುಕಿ ದಿನಾ ಇವಳಿಗೆ ಶೇಂಗಾ ಬೆಲ್ಲ ಕೊಡುತ್ತಿದ್ದಳಂತೆ. ಹಳದಿ ಮೈ, ಕೆಂಪು ಬಾಯಿ, ಹಣೆಯಲ್ಲಿ ಕೆಂಪು ಬೊಟ್ಟು. ಗೊಂಬೆ ಚೆನ್ನಾಗಿ ಬಂದಿತ್ತು. ಆದರೆ ತಲೆ ಬೋಳಾಗಿ ಆಯಿಯಂತೆ ಕಾಣುತ್ತಿಲ್ಲ ಅಂತ ಆ ಮಗುವಿನ ಕೊರಗು. ನಮ್ಮ ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿರುತ್ತಾರೆ, ಕೂದಲು ಕೊಳ್ಳುವವರು ಬಂದರೆ ಪಿನ್ನು ಹೇರುಪಿನ್ನಿಗೆ ಕೊಡಲು. ನಿಂಗಮ್ಮ ಆಯಿಯ ಮನೆಯ ಗೋಡೆಯಿಂದ ಆಯಿಯದೇ ಕೂದಲು ತೆಗೆದು ಗೊಂಬೆಯ ತಲೆಗೆ ಒತ್ತಿದಳು. ಈಗ ಅದು ಆಯಿಯಂತೆಯೇ ಕಂಡಿತು. ಬೆಳಿಗ್ಗೆ ಎದ್ದು ನೋಡಿ ಆಯಿ ಖುಷಿಪಡಲಿ ಅಂತ ಆಕೆ ಹಾಸಿಕೊಳ್ಳುವ ಕೌದಿಯ ಕೆಳಗೆ ಇಟ್ಟು ಬಂದಳು.

ಆ ಮುದುಕಿಗೆ ಬಹಳ ದಿನದಿಂದ ಹೊಟ್ಟೆನೋವು. ಯಾದಗಿರಿಯ ಡಾಕ್ಟರ ಔಷಧಿಗೂ ಬಗ್ಗಿರಲಿಲ್ಲ. ಕೌದಿ ಮಡಚಲು ಎತ್ತಿದಾಗ ಗೊಂಬೆ ಕಂಡು ಆಕೆ ಚೀರಿದ ಸಪ್ಪಳಕ್ಕೆ ಓಣಿ ಕೂಡಿತು. ಅಂಜಿದ ಮಗು, "ಸಾಲ್ಯಾಗ ಅಕ್ಕೋರು ಮಾಡಂದ್ರು" ಅಂತ ಅತ್ತಿತು.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಮುದುಕಿಯ ಮಗ ಮುಂದೆ, ಊರು ಹಿಂದೆ, ಶಾಲೆಗೆ ಬಂದರು. ಗೊಂಬೆಯನ್ನು ಜೋಳ ಕೇರುವ ಮರದಲ್ಲಿ ಬೇವಿನ ಸೊಪ್ಪು ಹಾಸಿ ಇಟ್ಟು ತಂದಿದ್ದರು. ಮೇಜಿನ ಮೇಲೆ ಮರ ಇಟ್ಟು ಎಲ್ಲರೂ ಹಿಂದೆ ಸರಿದರು. ಮಗ ಕೆಟ್ಟವನಲ್ಲ, ಅವನ ಮುಖದಲ್ಲಿ ಇದ್ದದ್ದು ಹೆದರಿಕೆ. ನಿಂಗಮ್ಮನನ್ನು ಮುಂದೆ ನಿಲ್ಲಿಸಿ ಕೇಳಿದ.

"ಯಾವ ಅಕ್ಕೋರು? ದೊಡ್ಡೋರೋ, ಸಣ್ಣೋರೋ?"

ಮಗು ನಮ್ಮಿಬ್ಬರನ್ನೂ ನೋಡಿ ತನ್ನ ಅವ್ವನ ಸೀರೆಯೊಳಗೆ ಮುಖ ಮುಚ್ಚಿಕೊಂಡಿತು. ನನಗೆ ಒಂದು ಕ್ಷಣವೂ ಭಯವಾಗಲಿಲ್ಲ ಅಂದರೆ ನಂಬುವಿರಾ? ದೊಡ್ಡಕ್ಕೋರು ಪಕ್ಕದಲ್ಲೇ ಇದ್ದಳಲ್ಲ. ನಾನು ನಗುತ್ತಲೇ ಮುಂದೆ ಹೋಗಿ ಗೊಂಬೆ ಎತ್ತಿಕೊಂಡೆ. "ಇದು ಆಡೋ ಕಣಕರಿ. ಮೈದಾ, ಉಪ್ಪು. ಮಾಟದ್ದಾದ್ರ ನಾ ಹಿಂಗ ಮಾಡತಿದ್ದೆನೇನ್ರಿ?" ಅಂದು ಅದರ ಕಾಲನ್ನು ನಾಲಿಗೆಗೆ ಹಚ್ಚಿದೆ.

ಜನ ಒಮ್ಮೆಲೆ ಉಸಿರು ಹಿಡಿದರು. "ನೆಕ್ಕಿದ್ಳು ನೋಡ್ರೋ" ಅಂತ ಹಿಂದಿನಿಂದ ಒಂದು ಹೆಂಗಸು. ಏನಾಯಿತೆಂದು ನನಗೆ ಆಮೇಲೆ ತಿಳಿಯಿತು. ಮಾಟದ ಗೊಂಬೆಯನ್ನು ಮುಟ್ಟಿ ಏನೂ ಆಗದೆ ಉಳಿಯುವವಳು ಅದನ್ನು ಮಾಡಿದವಳೊಬ್ಬಳೇ. ಅವರ ಲೆಕ್ಕದಲ್ಲಿ ನಾನು ತಪ್ಪು ಒಪ್ಪಿಕೊಂಡಂತೆಯೇ ಆಗಿತ್ತು.

"ದೊಡ್ಡಕ್ಕೋರೆ, ನೀವು ಹಿರೇರು. ನೀವ ಹೇಳ್ರಿ" ಅಂದ ಮಗ. "ಇದನ್ನ ಮಕ್ಕಳಿಗೆ ಕಲಿಸಿದವರು ಯಾರು?"

ನಾನು ಗೊಂಬೆಯನ್ನು ಆಕೆಯ ಕಡೆ ಚಾಚಿದೆ. ಆಕೆ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲಿನ ಒಂದು ಕಾಗದ ಎತ್ತಿ, ಮಡಚಿ, ಆ ಕಾಗದದಿಂದ ಗೊಂಬೆಯನ್ನು ನನ್ನ ಕೈಯಿಂದ ಮರಕ್ಕೆ ತಳ್ಳಿದಳು. ಎರಡು ದಿನದ ಕೆಳಗೆ ಅದೇ ಹಿಟ್ಟನ್ನು ಗುಣುಗುತ್ತ ನಾದಿದ ಅಂಗೈ ಅದು.

"ನಾ ಚೆಂಡು ಮಾಡಸ್ತೀನ್ರಿ, ಅದು ಊರಿಗೆಲ್ಲಾ ಗೊತ್ತದ" ಅಂದಳು. ದನಿ ಎಂದಿನಂತೆಯೇ ಇತ್ತು. "ಹಿಟ್ಟು ತರಾಕಿ ಆಕಿ. ಆಕಿನ ಮನಿ ಪದ್ಧತಿ ಏನದನೋ, ನನಗೇನ್ ಗೊತ್ತ್ರಿ."

ಪದ್ಧತಿ. ನಮ್ಮ ಒಲೆ ಮುಂದೆ ಕುಳಿತು ರೊಟ್ಟಿ ಉಂಡವಳು ಆಡಿದ ಮಾತು. ಅವಳು ನನ್ನನ್ನು ಮಾಟಗಾತಿ ಅನ್ನಲಿಲ್ಲ, ಅಷ್ಟು ದಡ್ಡಳಲ್ಲ. ಒಂದು ಮಾತು ನೆಲಕ್ಕೆ ಬಿಟ್ಟಳು, ಉಳಿದದ್ದನ್ನು ಊರು ಎತ್ತಿಕೊಂಡಿತು. ಅವರ ಮನ್ಯಾಗ ದೇವರಿಲ್ಲಂತ. ಹಣಿಗೆ ಕುಂಕುಮ ಇಡದಾಕಿ ಹಿಟ್ಟಿಗೆ ಯಾಕ ಹಾಕತಾಳ? ಎಲ್ಲವೂ ಒಮ್ಮೆಲೆ ಹೊಂದಿಕೊಂಡಿತು. ಊರಿಗೆ ಹೇಳಲು ನನಗೆ ಬೇಕಾದಷ್ಟು ಇತ್ತು, ಆದರೆ ನಾನು ನೋಡುತ್ತಿದ್ದದ್ದು ಊರನ್ನಲ್ಲ. ಆಕೆ ನನ್ನ ಕಡೆ ತಿರುಗಲೇ ಇಲ್ಲ.

ಯಾರೂ ನನ್ನ ಮೈ ಮುಟ್ಟಲಿಲ್ಲ, ಸುಳ್ಳು ಹೇಳಬಾರದು. ಗೊಂಬೆಯನ್ನು ಹರಿಯುವ ನೀರಿಗೆ ಬಿಡಬೇಕೆಂದು ಹಿರಿಯರು ತೀರ್ಮಾನಿಸಿದರು. ಕಾಲುವೆಗೆ ಆ ವಾರ ನೀರು ನಿಲ್ಲಿಸಿದ್ದರು. ಕಡೆಗೆ ಮುದುಕಿಯ ಮಗ ಅದನ್ನು ಮರದ ಸಮೇತ ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ಕೃಷ್ಣಾ ನದಿಯ ತನಕ ಹೋಗಿ ಬಿಟ್ಟು ಬಂದ. ಬೇರೆ ಯಾರ ಕತೆಯಾಗಿದ್ದರೂ ನಾನು ಇಲ್ಲಿ ನಗುತ್ತಿದ್ದೆ. ಸಣ್ಣಕ್ಕೋರು ಇರುವ ತನಕ ಮಕ್ಕಳನ್ನು ಕಳಿಸುವುದಿಲ್ಲ ಅಂತ ಊರು ಹಟ ಹಿಡಿಯಿತು. ಮೇಲಿನವರು ನನ್ನನ್ನು ಸುರಪುರದ ಆಚೆಯ ಒಂದು ಶಾಲೆಗೆ ಹಾಕಿದರು. ಶಿಕ್ಷೆ ಅಲ್ಲಮ್ಮ, ನಿನ್ನ ಒಳ್ಳೇದಕ್ಕೇ ಅಂದರು.

ಹೋಗುವ ಮೊದಲು ಶಹಾಪುರದಲ್ಲಿ ಆಕೆಯ ಮನೆಗೆ ಹೋದೆ. ಜಗಳ ಮಾಡಲೆಂದೇ ಹೋಗಿದ್ದೆ. ಆಕೆ ಚಹಾ ಮಾಡಿ ತಂದಳು, ನಾನು ಸಕ್ಕರೆ ಕಡಿಮೆ ಕುಡಿಯುವುದು ಮರೆತಿರಲಿಲ್ಲ.

"ಒಂದು ಮಾತು ಅಂದ್ರ ಆಗತಿತ್ತು ಅಕ್ಕೋರೆ. ಇಬ್ರೂ ಕೂಡಿ ಮಾಡೀವಿ ಅಂತ."

"ಮಗಳ ಮಾತು ನಡದದ" ಅಂದಳು ನೆಲ ನೋಡುತ್ತ. "ಬೀಗರು ಆ ಊರಿನವರಿಗೆ ಹತ್ರದವರು. ನನ್ನ ಹೆಸರು ಅದಕ ಗಂಟು ಬಿದ್ದಿದ್ರ ಆಕಿನ್ನ ಯಾರು ಮಾಡಕೋತಿದ್ರು ಹೇಳು?"

"ನನ್ನ ಯಾರು ಮಾಡಕೋತಾರ್ರಿ?"

ಆಕೆ ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದಳು. "ನೀ ಸಣ್ಣಾಕಿ ಅದಿ. ಎಲ್ಲಿ ಹೋದ್ರೂ ನಿನ್ನ ನೌಕರಿ ನಿನಗದ. ಮದುವಿ ಒಂದು ಮುಗೀಲಿ, ನಾನ ಊರಾಗ ಎಲ್ಲಾರ ಮುಂದ ಹೇಳತೀನಿ. ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಅಂದಳು. ನಾಚಿಕೆಯ ವಿಷಯ, ನಾನು ನಂಬಿದೆ. ಬೇರೆ ಏನು ಮಾಡಲು ಬರುತ್ತಿತ್ತು ನನಗೆ? ನನ್ನ ಹೆಸರನ್ನು ಮತ್ತೆ ಶುದ್ಧ ಮಾಡಬಲ್ಲ ಮಾತು ಆಕೆಯೊಬ್ಬಳ ಬಾಯಲ್ಲಿತ್ತು.

ಹತ್ತಿಕುಣಿಯಲ್ಲಿ ಅಪ್ಪ ಎಲ್ಲವನ್ನೂ ಕೇಳಿ ಒಂದೇ ಮಾತು ಕೇಳಿದ. "ಅಕ್ಕೋರು ಅಲ್ಲೇ ಇದ್ರಲ್ಲ?" ಇದ್ದರು ಅಂದೆ. ಆಮೇಲೆ ಅಪ್ಪ ಆಕೆಯ ಹೆಸರು ಎತ್ತಲಿಲ್ಲ.

ಮಗಳ ಮದುವೆ ಆಯಿತು, ನನಗೆ ಕರೆ ಬರಲಿಲ್ಲ. ಕಾಲುವೆ ಬದಿಯ ಸುದ್ದಿ ನನಗಿಂತ ಮೊದಲೇ ಸುರಪುರದ ಕಡೆಯ ಬಸ್ ಹತ್ತಿತ್ತು. ಹೊಸ ಶಾಲೆಯಲ್ಲಿ ನಾನು ಕೊಟ್ಟ ಚಾಕೊಲೇಟನ್ನು ಮಕ್ಕಳು ಕೈಯಲ್ಲೇ ಹಿಡಿದು ಕೂರುತ್ತಿದ್ದವು, ಮನೆಯವರು ತಿನ್ನಬೇಡ ಅಂದಿರುತ್ತಿದ್ದರು. ನನ್ನನ್ನು ನೋಡಲು ಬಂದ ಎರಡು ಕಡೆಯವರು ವಿಚಾರಿಸಿಕೊಂಡು ಬರುತ್ತೇವೆ ಅಂತ ಹೋದರು. ಮೂರನೆಯವರು ವಿಚಾರಿಸಲಿಲ್ಲ, ಅವರೇ ನನ್ನ ಗಂಡನ ಮನೆಯವರು, ಆ ಮಾತು ಬೇರೆ. ನಾನು ಇಷ್ಟು ವರ್ಷದಲ್ಲಿ ಮಕ್ಕಳಿಗೆ ಹಿಟ್ಟು ಕಲಸಿಕೊಡಲಿಲ್ಲ. ಪಾಠ ಚೆನ್ನಾಗಿ ಹೇಳುತ್ತೇನೆ ಅನ್ನುತ್ತಾರೆ. ಕೈ ಮಾತ್ರ ಆ ಕಡೆ ಹೋಗಲಿಲ್ಲ.

ದೊಡ್ಡಕ್ಕೋರ ಹೆಸರು ಮಾತ್ರ ಬೆಳೆಯಿತು. ಆಟದ ಮೂಲಕ ಪಾಠ ಅನ್ನುವ ಕಾಲ ಬಂದಾಗ ಇಲಾಖೆಯವರು ಆಕೆಯನ್ನು ಊರೂರಿಗೆ ತರಬೇತಿ ಕೊಡಲು ಕರೆದರು. ಹಾಗೆ ಒಂದು ತರಬೇತಿಗೆ ಯಾದಗಿರಿಗೆ ನನ್ನ ಹೆಸರೂ ಬಂತು. ಆಕೆ ಬರುವುದು ಗೊತ್ತಿದ್ದೇ ಹೋದೆ. ಹಿಂದಿನ ಬೆಂಚಿನಲ್ಲಿ ಕುಳಿತೆ. ಕೂದಲು ನೆರೆತಿತ್ತು, ಸೀಮೆಸುಣ್ಣ ತುರುಬಿನಲ್ಲಿ ಕಾಣದಷ್ಟು. ಟ್ಯೂಬಿನ ಚೆಂಡು ಮಾಡಿ ತೋರಿಸಿದಳು, ಕಣ್ಣು ಮುಚ್ಚಿ ಸಪ್ಪಳ ಕೇಳಿದಳು. ಕೋಣೆಯ ಟೀಚರುಗಳೆಲ್ಲ ಮಕ್ಕಳಾಗಿಬಿಟ್ಟರು. ನನಗೂ, ಹೇಳಲು ಮನಸ್ಸಿಲ್ಲ, ಒಂದು ಕ್ಷಣ ಕೈ ತುರಿಸಿತು.

ಆಮೇಲೆ ಕಣಕ ತೆಗೆದಳು. ಬರೀ ಬಿಳಿ.

"ಬಣ್ಣ ಹಾಕಬ್ಯಾಡ್ರಿ" ಅಂದಳು. "ಹಾಕಿದ್ರೂ ಕುಂಕುಮ ಅಂತೂ ಬ್ಯಾಡ. ನಮ್ಮ ಮಂದಿ ನಂಬಿಕಿ ನಾವು ತಿಳಕೋಬೇಕು. ಹಿಂದ ಒಬ್ಬ ಟೀಚರ್, ನನ್ನ ಕೈಕೆಳಗ ಇದ್ದಾಕಿನ, ತಿಳೀದ ಕುಂಕುಮ ಹಾಕಿ ಮಕ್ಕಳ ಕಡೆ ಗೊಂಬಿ ಮಾಡಿಸಿದ್ಳು. ಊರಾಗ ಎಷ್ಟ್ ದೊಡ್ಡ ಗದ್ದಲ ಆತಂದ್ರ, ಪಾಪ, ಬದಲಿ ಮಾಡಿಸಿಕೊಂಡು ಹೋಗಬೇಕಾತು." ಎಲ್ಲರೂ ತಲೆಯಾಡಿಸಿದರು. ಕೆಲವರು ಬರೆದುಕೊಂಡರು.

ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. ಬೆಂಚು ಹಿಂದೆ ಸರಿದ ಸಪ್ಪಳಕ್ಕೆ ಎಲ್ಲರೂ ತಿರುಗಿದರು. ಆಕೆಯೂ ನೋಡಿದಳು. ಗುರುತು ಹಿಡಿದಳು. ಕೈಯಲ್ಲಿದ್ದ ಬಿಳಿ ಕಣಕ ಮುದ್ದೆಯಾಗುವಂತೆ ಹಿಚುಕಿಕೊಂಡಳು. ಅಷ್ಟು ದೂರದಿಂದಲೂ ನನಗೆ ಕಂಡಿತು. ಈಗ ಹೇಳುತ್ತಾಳೆ ಅಂತ ನನಗೆ ಅನ್ನಿಸಿತು. ದೇವರಾಣೆ ಅನ್ನುವ ಪದ್ಧತಿ ನಮ್ಮ ಮನೆಯಲ್ಲಿಲ್ಲ, ಇದ್ದಿದ್ದರೆ ಆಣೆ ಮಾಡಿ ಹೇಳುತ್ತಿದ್ದೆ, ಈಗ ಹೇಳುತ್ತಾಳೆ ಅಂತಲೇ ಅನ್ನಿಸಿತು.

"ಆ ಟೀಚರ್ ನಾನ ರೀ" ಅಂದೆ. ಕುಂಕುಮ ಹಾಕು ಅಂದವರು ಯಾರು ಅಂತ ಇವರಿಗೆ ಹೇಳ್ರಿ ಅನ್ನುವುದು ಮುಂದಿನ ಮಾತು. ಅದಕ್ಕೆ ಮೊದಲು ಒಮ್ಮೆ ತಡೆದೆ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು, ಅಷ್ಟೇ.

ಆಕೆ ಆ ಉಸಿರಿನ ನಡುವೆಯೇ ಬಂದಳು. "ನೋಡ್ರಿ!" ಅಂದಳು, ಮುಖ ತುಂಬ ನಗು, ಕಣ್ಣಲ್ಲಿ ನೀರು. "ಇಷ್ಟು ವರ್ಷ ಆದ ಮ್ಯಾಲ ಎಲ್ಲಾರ ಮುಂದ ಎದ್ದು ನಿಂತು ತನ್ನ ತಪ್ಪು ತಾನ ಒಪ್ಪಿಕೊಳ್ಳಾಕತ್ತಾಳ. ಎಂಥ ದೊಡ್ಡ ಮನಸ್ಸು ಬೇಕ್ರಿ ಇದಕ್ಕ! ಹೊಡೀರಿ ಚಪ್ಪಾಳಿ."

ಎದ್ದು ನಿಂತು ಹೊಡೆದರು. ನಾನು ಬಾಯಿ ತೆರೆದು ಏನೇನೋ ಹೇಳುತ್ತಿದ್ದೆ, ನನಗೇ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಹರೆಯದ ಟೀಚರೊಬ್ಬಳು ನನ್ನ ಬೆನ್ನು ಸವರಿ, "ನಿಮ್ಮನ್ನ ಮೆಚ್ಚಬೇಕ್ರಿ ಅಕ್ಕೋರೆ" ಅಂದಳು. ಒಬ್ಬೊಬ್ಬರಾಗಿ ಕೈ ನಿಲ್ಲಿಸಿ ಕುಳಿತರು. ಕಡೆಯ ತನಕ ನಿಂತು ಚಪ್ಪಾಳೆ ಹೊಡೆಯುತ್ತಿದ್ದವಳು ದೊಡ್ಡಕ್ಕೋರು.